ಸುತ್ತು ಹಾಕುವಂತಿಲ್ಲ

ಟಿ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಕಾಶಿಯ ಪುಣ್ಯವನ್ನೂ ಈ ತಿರುಮಕೂಡಲು ಸಂಗಮದ ಪುಣ್ಯವನ್ನೂ ತಕ್ಕಡಿಗೆ ಹಾಕಿದರೆ ನಮ್ಮ ಕಡೆಯ ತಟ್ಟೆ ಅಷ್ಟೇ ಅಷ್ಟು, ಒಂದು ಗುಲಗಂಜಿಯಷ್ಟು, ಕೆಳಗಿಳಿಯುತ್ತದೆಂದು ಊರಿನವರ ನಂಬಿಕೆ. ಅದೇ ಊರಿನ ಅಂಚಿನಲ್ಲಿ ನನ್ನ ಸೋದರಮಾವನ ವೇಬ್ರಿಡ್ಜ್ ಇದೆ. ಅದು ಹತ್ತು ಕಿಲೋಗಿಂತ ಕಡಿಮೆಯದನ್ನು ತೂಕವೆಂದೇ ಒಪ್ಪುವುದಿಲ್ಲ. "ಗುಲಗಂಜಿ ಲೆಕ್ಕ ಸ್ವಾಮೀದು, ಹತ್ತು ಕಿಲೋ ಲೆಕ್ಕ ನಂದು" ಎಂದು ಮಾವ ಹೊಸ ಗಿರಾಕಿಗಳಿಗೆಲ್ಲ ಹೇಳುತ್ತಾರೆ. ಹೊಸಬರು ನಗುತ್ತಾರೆ. ಹಳಬರು ಚೀಟಿ ಯಾವಾಗ ಬರುತ್ತೆ ಎಂದು ಕೇಳುತ್ತಾರೆ.

ತೊಂದರೆ ಇದ್ದದ್ದು ಆ ಚೀಟಿಯಲ್ಲೇ. ಲಾರಿ ಹತ್ತಿ ನಿಲ್ಲುತ್ತದೆ, ಇಂಡಿಕೇಟರಿನ ಕೆಂಪು ಅಂಕಿಗಳು ಒಂದಿಷ್ಟು ತೊನೆದಾಡಿ ಒಂದು ಕಡೆ ನಿಲ್ಲುತ್ತವೆ, ಕೂತ ಹುಡುಗ ಗುಂಡಿ ಒತ್ತುತ್ತಾನೆ. ಆಮೇಲೆ ಕಂಪ್ಯೂಟರಿನ ಮೌನವ್ರತ. ಕೆಲವು ಸಲ ಕಣ್ಣು ಮಿಟುಕಿಸುವುದರೊಳಗೆ ಚೀಟಿ ಹೊರಬರುತ್ತದೆ. ಕೆಲವು ಸಲ ಡ್ರೈವರು ಇಳಿದು ಬಂದು, ಕಿಟಕಿಯಲ್ಲಿ ತಲೆ ತೂರಿಸಿ, "ಏನ್ ಸಾರ್, ಪ್ರಿಂಟ್ ಹೊಡೀತಾ ಇದೀರೋ, ಕೈಲಿ ಬರೀತಾ ಇದೀರೋ" ಎನ್ನುವವರೆಗೂ ಬರುವುದಿಲ್ಲ. ಉಳಿದ ಕಾಲದಲ್ಲಿ ಇದು ನಡೆದೀತು. ಭತ್ತದ ಸುಗ್ಗಿಯಲ್ಲಿ ನಡೆಯುವುದಿಲ್ಲ. ಖಾಲಿ ಗಾಡಿ ಒಮ್ಮೆ, ಲೋಡಾದ ಗಾಡಿ ಇನ್ನೊಮ್ಮೆ ತೂಗಬೇಕಾದ ಕಡೆ ಒಂದು ಚೀಟಿ ತಡೆದರೆ ರಸ್ತೆಯವರೆಗೂ ಸಾಲು ಬೆಳೆಯುತ್ತದೆ. ಪ್ರಿಂಟರ್ ಬದಲಾಯಿಸಿದರು. ಇಂಡಿಕೇಟರಿನಿಂದ ಬರುವ ಕೇಬಲ್ ಬದಲಾಯಿಸಿದರು. ಯುಪಿಎಸ್ಸಿನ ಬ್ಯಾಟರಿ ಹೊಸದಾಯಿತು. ಮಾನಿಟರಿನ ಮೂಲೆಗೆ ಒಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದೂ ಆಯಿತು. ಕೊನೆಗೆ ಉಳಿದವಳು ನಾನು.

ನಾನಿರುವುದು ನಂಜನಗೂಡಿನಲ್ಲಿ. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಲಿನಕ್ಸ್ ಯಂತ್ರಗಳಲ್ಲಿ ಹೊತ್ತು ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು ನನ್ನ ಉದ್ಯೋಗ. ನೆಂಟರ ಪ್ರಕಾರ ಇದರ ಹೆಸರು ಕಂಪ್ಯೂಟರ್ ರಿಪೇರಿ. ರಾಷ್ಟ್ರೀಯ ಹೆದ್ದಾರಿ 766 ಎರಡೂ ಊರನ್ನು ಮುಟ್ಟುತ್ತದೆ, ಆದರೆ ನಂಜನಗೂಡಿನಿಂದ ಮೈಸೂರಿಗೆ ಹೋಗಿ, ಅಲ್ಲಿಂದ ಬಳಸಿಕೊಂಡು ನರಸೀಪುರಕ್ಕೆ ಬರುತ್ತದೆ. ಕಪಿಲೆ ಅಷ್ಟು ಬಳಸುವುದಿಲ್ಲ. ಸುತ್ತೂರನ್ನು ಹಾಯ್ದು ಸಂಗಮಕ್ಕೆ ಇಳಿಯುತ್ತಾಳೆ. ನಾವೂ ಅವಳ ದಿಕ್ಕಿಗೇ ಹೋಗುವವರು. ಮಳೆಗಾಲದಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ನಮ್ಮ ಊರಿಗೆ ಕ್ಯೂಸೆಕ್ಕಿನ ಲೆಕ್ಕ ಬೇಡ, ಸ್ನಾನಘಟ್ಟದ ಹದಿನಾರು ಕಾಲು ಮಂಟಪ ಎಷ್ಟು ಮುಳುಗಿತು ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. 2018ರಲ್ಲಿ, ಮತ್ತೆ 2019ರಲ್ಲಿ ಮಲ್ಲನಮೂಲೆ ಮಠದ ಬಳಿ ನೀರು ಹೆದ್ದಾರಿಯ ಮೇಲೇ ಬಂದಿತ್ತು. ಆದರೆ ಮಾವನ ಫೋನು ಬಂದದ್ದು ಸುಗ್ಗಿಯಲ್ಲಿ, ರಸ್ತೆ ಒಣಗಿರುವ ಕಾಲದಲ್ಲಿ. ತಪ್ಪಿಸಿಕೊಳ್ಳಲು ನೆಪವಿರಲಿಲ್ಲ.

ಇಂಥ ಕೆಲಸಕ್ಕೆ ನಾನು ಹಿಡಿಯುವ ಸಲಕರಣೆ ಬಿಪಿಎಫ್‌ಟ್ರೇಸ್. ಅಲಸ್ಟೇರ್ ರಾಬರ್ಟ್‌ಸನ್ ಎಂಬಾತ ಬರೆದದ್ದು, 2018ರ ಹೊತ್ತಿಗೆ ಹೆಸರಾಯಿತು. ಓಡುತ್ತಿರುವ ಕರ್ನಲ್ಲನ್ನು, ಅಂದರೆ ಲಿನಕ್ಸಿನ ತಿರುಳನ್ನು, ನಿಲ್ಲಿಸದೆ ಅದರೊಳಗೆ ಇಣುಕಿ ನೋಡಬಹುದು. ಅದಕ್ಕೆ ತನ್ನದೇ ಪುಟ್ಟ ಭಾಷೆಯೂ ಇದೆ. ಇಂಥ ಫಂಕ್ಷನ್ ಶುರುವಾದಾಗ ಹೊತ್ತು ಗುರುತು ಹಾಕಿಕೋ, ಮುಗಿದಾಗ ಕಳೆದು ನೋಡು, ಒಂದು ಸೆಕೆಂಡ್ ಮೀರಿದ್ದರೆ ಮುದ್ರಿಸು: ಇಷ್ಟನ್ನು ಮೂರು ನಾಲ್ಕು ಸಾಲಿನಲ್ಲಿ ಬರೆದರೆ ಮುಗಿಯಿತು. ಇಂಥ ಸಲಕರಣೆ ಇಲ್ಲದಿದ್ದರೆ ಇದಕ್ಕೆ ಕರ್ನಲ್ಲನ್ನೇ ತಿದ್ದಿ, ಮತ್ತೆ ಕಂಪೈಲ್ ಮಾಡಿ, ಯಂತ್ರವನ್ನು ಆರಿಸಿ ಹಚ್ಚಬೇಕಾಗಿತ್ತು.

ಮಾವನ ಯಂತ್ರದಲ್ಲಿ ಹಚ್ಚಿದ ಮೊದಲ ಸ್ಕ್ರಿಪ್ಟೇ ಅರ್ಧ ಉತ್ತರ ಕೊಟ್ಟಿತು. ಹೊತ್ತು ಹೋಗುತ್ತಿದ್ದದ್ದು ಎಫ್‌ಸಿಂಕ್‌ನಲ್ಲಿ. ಬರೆದದ್ದು ನಿಜವಾಗಿ ಡಿಸ್ಕಿಗೆ ಇಳಿಯುವವರೆಗೂ ನಾನು ಕದಲುವುದಿಲ್ಲ ಎಂದು ಪ್ರೋಗ್ರಾಮು ಹಟ ಹಿಡಿಯುವ ಕರೆ ಅದು. ತೂಕದ ಚೀಟಿ ದುಡ್ಡಿನ ವಿಷಯ, ಕರೆಂಟು ಯಾವಾಗ ಬೇಕಾದರೂ ಹೋಗಬಹುದು, ಆದ್ದರಿಂದ ಹಟ ನ್ಯಾಯವಾದದ್ದೇ. ಆದರೆ ಯಾವ ಫೈಲಿಗಾಗಿ ಈ ಹಟ? ಸ್ಕ್ರಿಪ್ಟ್ ಹೇಳಿತು: ಡೇಟಾ.ಡಿಬಿ. ಇನ್ನೊಮ್ಮೆ ತಡೆದಾಗ ಮತ್ತೆ ಡೇಟಾ.ಡಿಬಿ. ಹೋಗಿ ನೋಡಿದರೆ ಆ ಸಾಫ್ಟ್‌ವೇರಿನಲ್ಲಿ ಯಾವ ಫೋಲ್ಡರ್ ತೆರೆದರೂ ಒಂದೊಂದು ಡೇಟಾ.ಡಿಬಿ. ಒಳಬರುವ ಗಾಡಿಗೊಂದು, ಹೊರಹೋಗುವುದಕ್ಕೊಂದು, ಗಿರಾಕಿಗಳ ಬಾಕಿಗೊಂದು, ನಾಲ್ಕು ಮೂಲೆಯ ಕ್ಯಾಮರಾಗಳಿಗೆ ಒಂದೊಂದು. ಊರಲ್ಲಿ ಎಲ್ಲ ಗಂಡುಮಕ್ಕಳಿಗೂ ನಂಜುಂಡ ಎಂದೇ ಹೆಸರಿಟ್ಟು, ನಂಜುಂಡ ಕಲ್ಲು ಹೊಡೆದ ಎಂದು ದೂರು ಕೊಟ್ಟ ಹಾಗೆ.

ಬಲ್ಲವರು ಕೇಳಬಹುದು, ತೆರೆದಿರುವ ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್‌ಓಎಫ್ ಇಲ್ಲವೇ ಎಂದು. ಇದೆ. ಆದರೆ ಈ ಪ್ರೋಗ್ರಾಮು ಫೈಲನ್ನು ತೆರೆದು, ಬರೆದು, ಹಟ ಮಾಡಿ, ಮುಚ್ಚಿ ಎದ್ದು ಹೋಗುವ ಜಾತಿಯದು. ನಾವು ಪಟ್ಟಿ ತೆಗೆಯುವ ಹೊತ್ತಿಗೆ ಜಾಗ ಖಾಲಿ. ಕೃತ್ಯ ನಡೆಯುವಾಗಲೇ, ಕರ್ನಲ್ಲಿನ ಒಳಗೇ, ಪೂರ್ತಿ ವಿಳಾಸ ಕೇಳಬೇಕು.

ಕರ್ನಲ್ಲಿನೊಳಗೆ ಫೈಲಿನ ಪೂರ್ತಿ ವಿಳಾಸ ಎಂಬುದು ಬರೆದಿಟ್ಟ ವಸ್ತುವಲ್ಲ. ಪ್ರತಿ ಹೆಸರಿಗೂ ಒಂದು ಡೆಂಟ್ರಿ ಇರುತ್ತದೆ. ಅದರಲ್ಲಿ ತನ್ನ ಹೆಸರು, ತನ್ನ ಮೇಲಿನ ಫೋಲ್ಡರಿನ ಡೆಂಟ್ರಿ ಎಲ್ಲಿದೆ ಎಂಬ ಗುರುತು, ನಮಗೆ ಬೇಕಾದದ್ದು ಇಷ್ಟೇ. ಜಗಲಿಯ ಮೇಲೆ ಕೂತ ಅಜ್ಜ ದಾರಿಹೋಕ ಹುಡುಗನನ್ನು ನಿಲ್ಲಿಸಿ ವಿಚಾರಿಸಿದ ಹಾಗೆ ಕೇಳುತ್ತಾ ಹೋಗಬೇಕು. ಯಾರ ಮಗನಪ್ಪ? ಅವನು ಯಾರ ಮಗ? ಅವರ ಅಪ್ಪ ಯಾರು? ಅಜ್ಜ ತನಗೆ ಗುರುತಿನವರು ಸಿಕ್ಕಿದಾಗ ನಿಲ್ಲಿಸುತ್ತಾರೆ. ಕರ್ನಲ್ಲಿನಲ್ಲಿ ನಿಲ್ಲಿಸುವ ಜಾಗ ಇನ್ನೂ ಚೆನ್ನಾಗಿದೆ. ಎಲ್ಲಕ್ಕೂ ಮೇಲಿರುವ ಬೇರು ಫೋಲ್ಡರಿನ ಡೆಂಟ್ರಿಯಲ್ಲಿ ಅಪ್ಪ ಎಂಬ ಜಾಗದಲ್ಲಿ ತನ್ನದೇ ಗುರುತು ಇರುತ್ತದೆ. ಸ್ವಯಂಭೂ. ತನಗೆ ತಾನೇ ಅಪ್ಪನಾದವನು ಸಿಕ್ಕಿದ ಕೂಡಲೇ ವಿಚಾರಣೆ ಮುಗಿಯಿತು. (ಬೇರೆ ಪಾರ್ಟಿಷನ್ ಆದರೆ ಅದರ ಬೇರೂ ಸ್ವಯಂಭೂವೇ, ಆ ತೊಡಕು ಇಲ್ಲಿ ಬೇಡ.)

ಯಾವ ಭಾಷೆಯಲ್ಲಾದರೂ ಇದು ಒಂದು ವೈಲ್ ಲೂಪ್. ಅಪ್ಪ ತಾನೇ ಆಗುವವರೆಗೂ ಮೇಲೆ ಹತ್ತು, ಹತ್ತುವಾಗ ಹೆಸರು ಮುದ್ರಿಸು. ನಂಜನಗೂಡಿನ ಮನೆಗೆ ಮರಳಿ, ನನ್ನ ಲ್ಯಾಪ್‌ಟಾಪಿನಲ್ಲಿ ಬರೆದು ಓಡಿಸಿದೆ. ಮಳೆ ಬಂದ ಹಾಗೆ ವಿಳಾಸಗಳು ಬಿದ್ದವು. ತಲೆಕೆಳಗಾಗಿ, ಫೈಲು ಮೊದಲು ಬೇರು ಕೊನೆಗೆ, ಆದರೆ ಬಿದ್ದವು. ಅದನ್ನೇ ಪೆನ್‌ಡ್ರೈವಿಗೆ ಹಾಕಿಕೊಂಡು ಮತ್ತೆ ನರಸೀಪುರಕ್ಕೆ ಹೋದೆ. ಮಾವನ ಯಂತ್ರದಲ್ಲಿ ಅದೇ ಸ್ಕ್ರಿಪ್ಟು, ಅದೇ ಬಿಪಿಎಫ್‌ಟ್ರೇಸು. ಪ್ರೋಗ್ರಾಂ ಲೋಡಾಗಲಿಲ್ಲ ಎಂದಿತು.

ಮನೆಯಲ್ಲಿ ಇರುವ ಸೌಲಭ್ಯ ಮಾವನ ಮನೆಯಲ್ಲಿ ಇಲ್ಲವಾದರೆ ಮೊದಲ ಅನುಮಾನ ಸಲಕರಣೆಯ ಮೇಲೆ. ಆದರೆ ಸಲಕರಣೆ ಒಂದೇ ಪ್ರತಿ. ಆದ್ದರಿಂದ ಮೇಲಿನಿಂದ ಕೆಳಕ್ಕೆ ಒಂದೊಂದೇ ಪದರ ಬಿಚ್ಚಬೇಕು. ನಾವು ಬರೆದದ್ದನ್ನು ಬಿಪಿಎಫ್‌ಟ್ರೇಸ್ ಮೊದಲು ವಾಕ್ಯವಾಗಿ ಒಡೆದು ಒಂದು ಮರ ಕಟ್ಟುತ್ತದೆ. ಆ ಮರವನ್ನು ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಬಳಗದ ಕೈಗೆ ಕೊಡುತ್ತದೆ. ಅದು ಬಿಪಿಎಫ್ ಎಂಬ ಕಾಲ್ಪನಿಕ ಯಂತ್ರದ ಸೂಚನೆಗಳನ್ನು ಹೊರಡಿಸುತ್ತದೆ. ಆ ಸೂಚನೆಗಳು ಕರ್ನಲ್ಲಿನ ಹೊಸ್ತಿಲಿಗೆ ಹೋಗಿ ನಿಲ್ಲುತ್ತವೆ. ಅಲ್ಲಿ ವೆರಿಫೈಯರ್ ಎಂಬ ಕಾವಲುಗಾರ ತಪಾಸಣೆ ಮಾಡಿ ಒಳಗೆ ಬಿಡುತ್ತಾನೆ ಅಥವಾ ಬಿಡುವುದಿಲ್ಲ. ಡೀಬಗ್ ಆಯ್ಕೆ ಕೊಟ್ಟರೆ ಮರವೂ ಎಲ್‌ಎಲ್‌ವಿಎಂನ ಬರಹವೂ ಪರದೆಯ ಮೇಲೆ ಬರುತ್ತವೆ. ಮರದಲ್ಲಿ ವೈಲ್ ಇತ್ತು. ಕಂಪೈಲರಿನ ಬರಹದಲ್ಲಿ ಹಿಂದಕ್ಕೆ ಜಿಗಿಯುವ ಕವಲೂ ಇತ್ತು. ಅಂದರೆ ಭಾಷೆಗೆ ಲೂಪ್ ಗೊತ್ತು, ಅನುವಾದವೂ ಸರಿಯಾಗಿದೆ. ಕೊನೆಗೆ ಉದ್ದುದ್ದದ ವರದಿ ಕೊಡು ಎಂದು ಕೇಳಿದಾಗ ಹೊಸ್ತಿಲಲ್ಲಿದ್ದವನು ಬಾಯಿಬಿಟ್ಟ. ಇಂತಿಷ್ಟನೆಯ ಸೂಚನೆಯಿಂದ ಇಂತಿಷ್ಟನೆಯ ಸೂಚನೆಗೆ ಬ್ಯಾಕ್ ಎಡ್ಜ್. ಅಷ್ಟೇ.

ಇದು ಒಂದು ಮಾತೇ? ಯಾವ ಮನುಷ್ಯನಿಗೆ ಹೇಳಿದ್ದು ಇದು? ಸರ್ಕಾರಿ ಕಚೇರಿಯ ಹಿಂಬರಹಗಳನ್ನು ಓದಿ ಅಭ್ಯಾಸವಿದ್ದ ನನಗೂ ಈ ಸಾಲು ಕಡಿಮೆ ಎನಿಸಿತು. ಹಿಂಬರಹದಲ್ಲಿ ಕನಿಷ್ಠ ಒಂದು ಕಲಂ ನಂಬರಾದರೂ ಇರುತ್ತದೆ. ನಿನ್ನ ಕಾರ್ಯಕ್ರಮದಲ್ಲಿ ಹಿಂದಕ್ಕೆ ಹೋಗುವ ದಾರಿ ಇದೆ, ಈ ವಯಸ್ಸಿನ ಕರ್ನಲ್ಲಿನಲ್ಲಿ ಅದಕ್ಕೆ ಅವಕಾಶವಿಲ್ಲ, 5.3ಕ್ಕೆ ಬಾ ಎಂದು ಹೇಳಲು ಎಷ್ಟು ಅಕ್ಷರ ಹೆಚ್ಚಾಗುತ್ತಿತ್ತು? ಬಿಪಿಎಫ್‌ಟ್ರೇಸಿನದು ಇದಕ್ಕಿಂತ ವಾಸಿ. ಅದಕ್ಕೆ ಇನ್ಫೋ ಎಂಬ ಆಯ್ಕೆ ಇದೆ. ಅದು ಕೆಳಗಿರುವ ಕರ್ನಲ್ಲನ್ನು ಮೆಲ್ಲಗೆ ತಟ್ಟಿ ನೋಡಿ ಏನು ಬರುತ್ತದೆ ಏನು ಬರುವುದಿಲ್ಲ ಎಂದು ಪಟ್ಟಿ ಕೊಡುತ್ತದೆ. ಎರಡೂ ಊರಿನ ಪಟ್ಟಿ ಪಕ್ಕಪಕ್ಕ ಇಟ್ಟೆ. ನಂಜನಗೂಡು: ಸೂಚನೆಗಳ ಮಿತಿ 10 ಲಕ್ಷ, ಲೂಪ್ ಇದೆ. ನರಸೀಪುರ: ಮಿತಿ 4096, ಲೂಪ್ ಇಲ್ಲ. ಮಾವನ ಯಂತ್ರದಲ್ಲಿದ್ದದ್ದು ಉಬುಂಟು 18.04, 4.15ರ ಕರ್ನಲ್.

"ಏನಂತೆ?" ಎಂದರು ಮಾವ, ಒಳಗೆ ಬಂದು.

"ಕರ್ನಲ್ಲು ಒಪ್ಪಲ್ಲ ಅಂತಿದೆ ಮಾವ. ಸುತ್ತು ಹಾಕೋ ಹಂಗಿಲ್ಲವಂತೆ."

"ಯಾವ ಕರ್ನಲ್ಲಮ್ಮ? ಮಿಲಿಟ್ರಿಯಿಂದ ಯಾರೂ ಬಂದಿಲ್ವಲ್ಲ ಇಲ್ಲಿ."

ಈ ನಿಷೇಧಕ್ಕೆ ಹಳೆಯ ವಂಶವಿದೆ. 1992ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ಸ್ಟೀವನ್ ಮೆಕ್ಯಾನ್ ಮತ್ತು ವ್ಯಾನ್ ಜೇಕಬ್‌ಸನ್ ಮೂಲ ಬಿಪಿಎಫ್ ಬರೆದದ್ದು ನೆಟ್‌ವರ್ಕಿನಲ್ಲಿ ಹರಿಯುವ ಪೊಟ್ಟಣಗಳಲ್ಲಿ ಬೇಕಾದದ್ದನ್ನು ಕರ್ನಲ್ಲಿನೊಳಗೇ ಸೋಸಿಕೊಳ್ಳಲು. ಆ ಯಂತ್ರದಲ್ಲಿ ಜಿಗಿತ ಮುಂದಕ್ಕೆ ಮಾತ್ರ. ಹಿಂದಕ್ಕೆ ಜಿಗಿಯುವುದನ್ನು ಬರೆಯಲು ದಾರಿಯೇ ಇಟ್ಟಿರಲಿಲ್ಲ. ಮುಂದಕ್ಕೆ ಮಾತ್ರ ಹೋಗುವವನು ಎಂದಾದರೂ ಊರು ದಾಟಲೇಬೇಕು, ಅಷ್ಟು ಸರಳ. ಮುಂದೆ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಬ್ರಯನ್ ಕ್ಯಾಂಟ್ರಿಲ್, ಮೈಕ್ ಶಪೀರೋ, ಆಡಮ್ ಲೆವೆಂಥಾಲ್ ಮೂವರೂ ಸೇರಿ, ಕರ್ನಲ್ಲಿನೊಳಗೆ ಹೀಗೇ ಇಣುಕುವ ಡಿಟ್ರೇಸ್ ಮಾಡಿದರು; 2005ರಲ್ಲಿ ಸೊಲಾರಿಸ್ 10ರ ಜೊತೆಗೆ ಬಂದಿತು. ಅದರ ಡಿ ಭಾಷೆ ನೋಡಲು ಸಿ ಭಾಷೆಯ ತಂಗಿ, ಆದರೆ ಅದರಲ್ಲಿ ಲೂಪ್ ಇಲ್ಲ. ಇಫ್ ಕೂಡ ಇರಲಿಲ್ಲ! ಷರತ್ತು ಬೇಕಾದರೆ ಪ್ರೋಬಿನ ತಲೆಯ ಮೇಲೆ ಒಂದು ಪ್ರೆಡಿಕೇಟ್ ಬರೆ, ನಿಜವಾದರೆ ಒಳಗಿನದೆಲ್ಲ ನಡೆಯುತ್ತದೆ, ಇಲ್ಲವಾದರೆ ಇಲ್ಲ. ಹೊಸದಾಗಿ ಕಲಿಯುವವರಿಗೆ ಇದು ಭಾಷೆಯ ಬಡತನ ಎನಿಸುತ್ತಿತ್ತು. ನನಗೂ ಎನಿಸಿದ್ದುಂಟು. ಇಫ್ ಇಲ್ಲದಿರುವುದು ಬಡತನವೇ ಎಂದು ಈಗಲೂ ನನ್ನ ಮತ. ಮುಂದೆ ಅದನ್ನು ಸೇರಿಸಿಯೂ ಸೇರಿಸಿದರು, ಒಳಗೊಳಗೆ ಅದನ್ನು ಪ್ರೆಡಿಕೇಟಾಗಿಯೇ ಮಾರ್ಪಡಿಸಿ. ಲೂಪ್ ಇಲ್ಲದಿರುವುದು ಬೇರೆ ಜಾತಿ.

ಏಕೆಂದರೆ ಈ ಸ್ಕ್ರಿಪ್ಟು ಓಡುವುದು ನಮ್ಮ ಅಂಗಳದಲ್ಲಲ್ಲ, ಕರ್ನಲ್ಲಿನ ಗರ್ಭಗುಡಿಯಲ್ಲಿ. ಸಾಮಾನ್ಯ ಪ್ರೋಗ್ರಾಮು ಮುಗಿಯದ ಲೂಪಿಗೆ ಬಿದ್ದರೆ ಫ್ಯಾನು ಜೋರಾಗಿ ತಿರುಗುತ್ತದೆ, ನಾವು ಅದನ್ನು ಕೊಲ್ಲುತ್ತೇವೆ, ಮುಗಿಯಿತು. ಕರ್ನಲ್ಲಿನೊಳಗೆ ಸಿಕ್ಕಿಕೊಂಡ ಲೂಪನ್ನು ಕೊಲ್ಲಲು ಹೊರಗೆ ಯಾರೂ ಇರುವುದಿಲ್ಲ. ಕೊಲ್ಲಬೇಕಾದವನೇ ಅದರಲ್ಲಿ ಸಿಕ್ಕಿಕೊಂಡಿರುತ್ತಾನೆ. ಒಂದು ಕಾರ್ಯಕ್ರಮ ಮುಗಿಯುತ್ತದೋ ಇಲ್ಲವೋ ಎಂದು ಎಲ್ಲ ಕಾರ್ಯಕ್ರಮಗಳಿಗೂ ಮೊದಲೇ ಹೇಳುವ ವಿಧಾನ ಇರಲಾರದೆಂದು ಅಲನ್ ಟ್ಯೂರಿಂಗ್ 1936ರಲ್ಲೇ ತೋರಿಸಿಕೊಟ್ಟ. ಕಾವಲುಗಾರ ಟ್ಯೂರಿಂಗನಿಗಿಂತ ಬುದ್ಧಿವಂತನಾಗಲು ಸಾಧ್ಯವಿಲ್ಲ, ಆದ್ದರಿಂದ ಬಾಗಿಲಲ್ಲೇ ಲೂಪನ್ನು ನಿಲ್ಲಿಸಿದ. 4.15ರ ವೆರಿಫೈಯರ್ ಸೂಚನೆಗಳನ್ನು ಕವಲುಕವಲಾಗಿ ನಡೆದು ನೋಡುತ್ತದೆ. ತಾನು ಈಗಷ್ಟೇ ಬಿಟ್ಟುಬಂದ ದಾರಿಗೇ ಬಾಣ ತಿರುಗಿದ್ದು ಕಂಡರೆ ಸಾಕು, ಆ ಲೂಪು ಎರಡೇ ಸಲ ಸುತ್ತುವ ಸಾಧುವಾದರೂ ಬಿಡುವುದಿಲ್ಲ.

2019ರ ಸೆಪ್ಟೆಂಬರಿನಲ್ಲಿ ಬಂದ 5.3ರ ಕರ್ನಲ್ಲಿನಲ್ಲಿ ಕಾವಲುಗಾರನ ಮನಸ್ಸು ಸ್ವಲ್ಪ ಮೆತ್ತಗಾಯಿತು. ಟ್ಯೂರಿಂಗನನ್ನು ಗೆದ್ದು ಅಲ್ಲ, ತಾಳ್ಮೆ ಹೆಚ್ಚಿಸಿಕೊಂಡು. ಈಗ ಅದು ಲೂಪಿನ ಪ್ರತಿ ಸುತ್ತನ್ನೂ ತಾನೇ ಮನಸ್ಸಿನಲ್ಲಿ ನಡೆದು ನೋಡುತ್ತದೆ. ಒಟ್ಟು 10 ಲಕ್ಷ ಸೂಚನೆಗಳ ಒಳಗೆ ಎಲ್ಲ ದಾರಿಯೂ ಮುಗಿದರೆ ಒಳಗೆ ಬಾ. ಹೋದ ಸುತ್ತಿನ ಸ್ಥಿತಿಯೇ ಈ ಸುತ್ತಿನಲ್ಲೂ ಕಂಡರೆ ಇದು ಮುಗಿಯದ ಲೂಪು, ಹೊರಗೆ ಹೋಗು. ಅದಕ್ಕೇ ನಂಜನಗೂಡಿನಲ್ಲೂ ನನ್ನ ವೈಲಿಗೆ ಒಂದು ಎಣಿಕೆಯನ್ನು ಸೇರಿಸಿ, ಇಷ್ಟು ತಲೆಮಾರಿಗಿಂತ ಮೇಲೆ ಹತ್ತುವುದಿಲ್ಲ ಎಂದು ಬರೆದುಕೊಟ್ಟ ಮೇಲೆಯೇ ಅದು ಒಪ್ಪಿದ್ದು. ಬೇರು ಸಿಕ್ಕಿದರೆ ನಿಲ್ಲುತ್ತೇನೆ ಎಂಬ ನನ್ನ ಮಾತಿನ ಮೇಲೆ ಅದಕ್ಕೆ ನಂಬಿಕೆ ಇಲ್ಲ. ಎಲ್ಲ ವಂಶಕ್ಕೂ ಬೇರು ಇದೆ ಎಂದು ಅದಕ್ಕೆ ಹೇಳಿಕೊಟ್ಟವರಿಲ್ಲ.

ಇಲ್ಲಿ ಬೆಂಗಳೂರಿನ ಕಥೆಯೊಂದನ್ನು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಫಂಕ್ಷನ್ ಶುರುವಾಗುವ ಜಾಗದಲ್ಲಿ ನಾವು ಕಾದು ಕೂರುತ್ತೇವಲ್ಲ, ಅದಕ್ಕೆ ಕೆಪ್ರೋಬ್ ಎಂದು ಹೆಸರು. ಓಡುವ ಕರ್ನಲ್ಲಿನ ಒಂದು ಸೂಚನೆಯನ್ನು ಎತ್ತಿಟ್ಟುಕೊಂಡು ಅಲ್ಲಿ ಒಂದು ಬ್ರೇಕ್‌ಪಾಯಿಂಟ್ ಇಡುತ್ತದೆ. ಅಲ್ಲಿಗೆ ಬಂದ ಸಿಪಿಯು ಬೆಚ್ಚಿ ನಿಂತು ನಮ್ಮ ಕೆಲಸ ಮಾಡಿ, ಎತ್ತಿಟ್ಟ ಸೂಚನೆಯನ್ನು ನಡೆಸಿ, ಏನೂ ಆಗದವನ ಹಾಗೆ ಮುಂದೆ ಹೋಗುತ್ತದೆ. ಈ ಕೆಪ್ರೋಬಿನ ಫೈಲನ್ನು ಲಿನಕ್ಸಿನ ಮೂಲದಲ್ಲಿ ತೆರೆದರೆ ತಲೆಯ ಮೇಲೇ ವಂಶಾವಳಿ ಇದೆ: 2002ರ ಅಕ್ಟೋಬರಿನಲ್ಲಿ ವಂಶಿಕೃಷ್ಣ ಎಸ್. ಆರಂಭಿಸಿದರು, 2004ರಲ್ಲಿ ಸುಪರ್ಣಾ ಭಟ್ಟಾಚಾರ್ಯ ಫಂಕ್ಷನ್ನಿನ ಆರ್ಗ್ಯುಮೆಂಟುಗಳನ್ನು ನೋಡುವ ಜಂಪರ್ ಪ್ರೋಬ್ ಸೇರಿಸಿದರು, ಅದೇ ವರ್ಷ ಪ್ರಸನ್ನ ಪಂಚಮುಖಿ ಅದನ್ನು ತಿದ್ದಿ ಬೆಳೆಸಿದರು. ಮೂವರೂ ಬೆಂಗಳೂರಿನ ಐಬಿಎಂನ ಲಿನಕ್ಸ್ ಟೆಕ್ನಾಲಜಿ ಸೆಂಟರಿನವರು. ಮುಂದೆ ಬಹುಕಾಲ ಅದರ ಪಾಲಕರ ಪಟ್ಟಿಯಲ್ಲಿದ್ದ ಹೆಸರು ಅನಂತ್ ಮಾವಿನಕಾಯನಹಳ್ಳಿ. ಜಗತ್ತಿನ ಸರ್ವರುಗಳಲ್ಲೆಲ್ಲ ಓಡುವ ಕರ್ನಲ್ಲಿನ ಜೊತೆಗೆ ಹೋಗುವ ಪಟ್ಟಿಯಲ್ಲಿ ಹೀಗೊಂದು ಹಳ್ಳಿಯ ಹೆಸರನ್ನು ಮೊದಲ ಸಲ ಓದಿದಾಗ ನಾನು ಕುರ್ಚಿ ಬಿಟ್ಟು ಎದ್ದಿದ್ದೆ. ಎಲ್ಲಿಯೋ ಕ್ಯಾಲಿಫೋರ್ನಿಯಾದಿಂದ ಬಂದದ್ದು ಎಂದುಕೊಂಡ ಉಳಿ ನಮ್ಮೂರಿಂದ ಮೂರು ನಾಲ್ಕು ಗಂಟೆ ಪ್ರಯಾಣದ ದೂರದಲ್ಲಿ ಕಾಸಿ ಬಡಿದದ್ದು. 2004ರ 2.6.9ರ ಕರ್ನಲ್ಲಿನಿಂದ ಅದು ಲಿನಕ್ಸಿನ ಭಾಗ.

ಆ ಜಂಪರ್ ಪ್ರೋಬ್ ಈಗ ಇಲ್ಲ. 2018ರಲ್ಲಿ ತೆಗೆದುಹಾಕಿದರು, ಅದೇ ಕೆಲಸಕ್ಕೆ ಬೇರೆ ಒಳ್ಳೆಯ ದಾರಿಗಳು ಬಂದಿದ್ದವು. ಇವತ್ತು ಹೊಸಬರೊಬ್ಬರು ಹಳೆಯ ಪುಸ್ತಕ ಹಿಡಿದು ಅದನ್ನು ಹುಡುಕಿದರೆ ಅವರಿಗೂ ಸಿಗುವುದು ಇಲ್ಲ ಎಂಬ ಉತ್ತರವೇ. ಹೀಗೆ ಬಿಪಿಎಫ್‌ನ ಲೂಪು ಭಯದಿಂದ ಇರಲಿಲ್ಲ, ಡಿಟ್ರೇಸಿನ ಇಫ್ ಯಾರೂ ಮಾಡಿರಲಿಲ್ಲವೆಂದು ಇರಲಿಲ್ಲ, ಜಂಪರ್ ಪ್ರೋಬು ಕೆಲಸ ಮುಗಿಸಿ ಹೋಯಿತೆಂದು ಇಲ್ಲ. ಪರದೆಯ ಮೇಲೆ ಮೂರೂ ಒಂದೇ ಥರ ಕಾಣುತ್ತವೆ. ನನ್ನ ಉದ್ಯೋಗದ ಬಹುಪಾಲು ಹೊತ್ತು ಹೋಗುವುದು ಇದು ಇವುಗಳಲ್ಲಿ ಯಾವುದು ಎಂದು ಪತ್ತೆ ಮಾಡುವುದರಲ್ಲಿ. ಯಾರೂ ಮಾಡಿಲ್ಲವೆಂದು ಇಲ್ಲದ್ದನ್ನು ನಾವೇ ಮಾಡಿ ಕಳಿಸಬಹುದು, ತೆಗೆದುಹಾಕಿದ್ದಕ್ಕೆ ಬದಲಿ ಹುಡುಕಬಹುದು. ಬೇಕೆಂದೇ ತಡೆದದ್ದನ್ನು ಮಾತ್ರ, ತಡೆದವನ ಭಯವನ್ನು ಮೊದಲು ಒಪ್ಪಿಕೊಂಡು, ಅದರ ಅಂಚಿನಲ್ಲೇ ದಾರಿ ಮಾಡಿಕೊಳ್ಳಬೇಕು.

ಇದನ್ನು ಮಾವನಿಗೆ ಹೇಳಲು ಹೋದೆ. ಚಹಾ ಬಂದಿತ್ತು, ಅವರಿಗೆ ವ್ಯವಧಾನವೂ ಇತ್ತು.

"ಅಲ್ಲ ಕಣಮ್ಮ, ಭಾಷೆಯಲ್ಲಿ ಇಲ್ಲ ಅಂದ್ರೆ ಹಾಕ್ಕೊಂಡ್ರಾಯ್ತು. ನಮ್ಮೂರ ಚೌಡಯ್ಯನೋರು ಏನ್ ಮಾಡಿದ್ರು? ಪಿಟೀಲಿಗೆ ನಾಲ್ಕೇ ತಂತಿ ಅಂತ ಕೂತ್ರಾ? ಏಳು ಮಾಡ್ಕೊಂಡ್ರು."

ತಿರುಮಕೂಡಲಿನಲ್ಲಿ ಯಾವ ವಾದವೂ ಚೌಡಯ್ಯನವರಿಲ್ಲದೆ ಮುಗಿಯುವುದಿಲ್ಲ. 1927ರಲ್ಲಿ ಅವರು ಏಳು ತಂತಿಯ ಪಿಟೀಲು ತಂದದ್ದು ನಿಜ. ಅದಕ್ಕೆ ಕಾರಣ ನಾದ ಸಭೆಯ ಕೊನೆಯ ಸಾಲಿಗೂ ತಲುಪಲಿ ಎಂಬ ಆಸೆ, ಆಗ ಮೈಕುಗಳಿರಲಿಲ್ಲ.

"ಮಾವ, ಅವರ ತಂತಿ ಹರಿದರೆ ಆವತ್ತಿನ ಕಚೇರಿ ಮಾತ್ರ ಹಾಳು. ಇಲ್ಲಿ ನಂದು ಸಿಕ್ಕಿಕೊಂಡರೆ ನಿಮ್ಮ ವೇಬ್ರಿಡ್ಜೇ ನಿಲ್ಲುತ್ತೆ. ಹೊರಗೆ ಎಷ್ಟು ಲಾರಿ ಇದೆ ನೋಡಿ."

ಮಾವ ಕಿಟಕಿಯಲ್ಲಿ ನೋಡಿದರು. "ಹಂಗಾದ್ರೆ ಬ್ಯಾಡ ಬಿಡು" ಎಂದರು.

ಲೂಪು ಇಲ್ಲದೆ ಸುತ್ತು ಹಾಕುವುದು ಹೇಗೆ? ಬಿಪಿಎಫ್‌ಟ್ರೇಸಿನಲ್ಲಿ ಅನ್‌ರೋಲ್ ಎಂದೊಂದು ಇದೆ. ಅದಕ್ಕೆ ಒಂದು ಅಂಕಿ ಕೊಟ್ಟರೆ ಒಳಗಿನ ಸಾಲುಗಳನ್ನು ಅಷ್ಟು ಸಲ ಒಂದರ ಕೆಳಗೊಂದು ನಕಲು ಮಾಡಿ ಹಾಸುತ್ತದೆ. ಸುತ್ತೇ ಇಲ್ಲ, ಉದ್ದ ಮಾತ್ರ. ಕಾವಲುಗಾರನ ಕಣ್ಣಿಗೆ ಎಲ್ಲವೂ ಮುಂದಕ್ಕೆ ಹೋಗುವ ದಾರಿ. ನೋಡಲು ಚಂದವಿಲ್ಲ. ತಲೆಮಾರು ಎಷ್ಟು ಎಂದು ನಾವೇ ಮೊದಲು ಊಹಿಸಬೇಕು: ಕಡಿಮೆ ಊಹಿಸಿದರೆ ವಿಳಾಸದ ಮೇಲ್ಭಾಗ ತುಂಡಾಗುತ್ತದೆ, ಹೆಚ್ಚು ಊಹಿಸಿದರೆ 4096ರ ಮಿತಿ ಮುಟ್ಟುತ್ತದೆ. ಎಂಟು ಎಂದು ಹಾಕಿದೆ. ಮಾವನ ಸಾಫ್ಟ್‌ವೇರಿನವರು ಎಷ್ಟೇ ಫೋಲ್ಡರ್ ಪ್ರಿಯರಾದರೂ ಎಂಟಕ್ಕಿಂತ ಆಳಕ್ಕೆ ಹೋಗಿರಲಿಲ್ಲ.

ಇನ್ನೊಂದು ತಡೆ ಬಿಪಿಎಫ್‌ನ ಸ್ಟ್ಯಾಕ್. ಅದು 512 ಬೈಟು ಮಾತ್ರ. ಒಂದು ಎಸ್‌ಎಂಎಸ್ ಸಂದೇಶಕ್ಕೆ ಅಕ್ಷರ ಎಣಿಸುತ್ತಿದ್ದ ಕಾಲದವರಿಗೆ ಇದು ಅರ್ಥವಾದೀತು. ಎಲ್ಲ ಹೆಸರನ್ನೂ ಒಟ್ಟುಗೂಡಿಸಿ ಒಂದೇ ಸಾಲಾಗಿ ಕಟ್ಟಲು ಜಾಗವಿಲ್ಲ. ಹಾಗಾಗಿ ಒಂದೊಂದು ಮೆಟ್ಟಿಲಲ್ಲೂ ಹೆಸರನ್ನು ಅಲ್ಲಲ್ಲೇ ಮುದ್ರಿಸಿ ಮೇಲೆ ಹತ್ತುವುದು. ಹಳೆಯ ಕರ್ನಲ್ಲಿಗೆ ತನ್ನ ಒಳರಚನೆಯ ನಕ್ಷೆಯನ್ನು ತಾನೇ ಹೇಳುವ ಬುದ್ಧಿಯೂ ಇಲ್ಲ, ಆದ್ದರಿಂದ ಹೆಡರ್ ಫೈಲುಗಳನ್ನು ಬೇರೆ ತರಿಸಿ ಹಾಕಬೇಕಾಯಿತು. ಮೊಬೈಲಿನ ಇಂಟರ್‌ನೆಟ್ಟಿನಲ್ಲಿ ಅವು ಇಳಿಯುವಷ್ಟರಲ್ಲಿ ಹುಡುಗ ಇನ್ನೂ ಒಂದಿಷ್ಟು ಗಾಡಿ ತೂಗಿ, ಬೈಸಿಕೊಂಡೂ ಆಗಿತ್ತು.

ಆಮೇಲೆ ಪರದೆಯ ಮೇಲೆ ತಲೆಕೆಳಗಾದ ವಿಳಾಸಗಳು ಬಂದವು. ಹೊತ್ತು ತಿನ್ನುತ್ತಿದ್ದ ಡೇಟಾ.ಡಿಬಿಗಳು ಎರಡು. ಒಂದು ನಿಜವಾಗಿ ಚೀಟಿಯದು. ಇನ್ನೊಂದು ಹಿಂಬದಿಯ ಕ್ಯಾಮರಾದ ಫೋಲ್ಡರಿನದು. ಚೀಟಿ ತಡವಾದಾಗಲೆಲ್ಲ ಅದರ ಮುಂದಿನ ಸಾಲಿನಲ್ಲಿ ಕ್ಯಾಮರಾದ ಹೆಸರು ಇತ್ತು. ಕ್ಯಾಮರಾದ ಪ್ರೋಗ್ರಾಮು ಆಗಾಗ ತನ್ನ ವೀಡಿಯೊ ತುಂಡನ್ನು ಮುಗಿಸಿ ಹೊಸದನ್ನು ತೆರೆಯುತ್ತಿತ್ತು. ಆ ಗಳಿಗೆಯಲ್ಲಿ ರಾಶಿ ದತ್ತಾಂಶ ಡಿಸ್ಕಿಗೆ ಇಳಿಯಬೇಕು. ಇಡೀ ಯಂತ್ರಕ್ಕೆ ತಟ್ಟೆ ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಒಂದೇ. ಅದರ ಮೇಲಿದ್ದ ಇಎಕ್ಸ್‌ಟಿ4 ಕಡತವ್ಯವಸ್ಥೆಗೆ ಒಂದು ಜರ್ನಲ್ ಇದೆ. ಚೀಟಿಯ ಎರಡು ಸಾಲು ಗಟ್ಟಿಯಾಗಬೇಕಾದರೂ ಜರ್ನಲ್ಲಿನ ಆ ಕಂತು ಪೂರ್ತಿ ಮುಗಿಯಬೇಕು, ಆ ಕಂತಿನಲ್ಲಿ ಕ್ಯಾಮರಾದ ಹೊರೆಯೂ ಇರುತ್ತದೆ. ಚೀಟಿ ತಪ್ಪು ಮಾಡಿರಲಿಲ್ಲ. ತಪ್ಪು ಗಳಿಗೆಯಲ್ಲಿ ಬಂದಿತ್ತು. ಕ್ಯಾಮರಾದ ತುಂಡು ಬದಲಾಗದ ಹೊತ್ತಿನಲ್ಲಿ ಬಂದ ಲಾರಿಗೆ ತಡವಿಲ್ಲ, ಬದಲಾಗುವ ಹೊತ್ತಿನಲ್ಲಿ ಬಂದ ಲಾರಿಯ ಡ್ರೈವರು ಕಿಟಕಿಗೆ ಬರುತ್ತಾನೆ. ಕೆಲವು ಸಲ ಹೀಗೆ, ಕೆಲವು ಸಲ ಹಾಗೆ ಎಂಬುದಕ್ಕೆ ಇದೇ ಅರ್ಥ.

ಪರಿಹಾರಕ್ಕೆ ಭಾಷೆಯೂ ಬೇಕಿರಲಿಲ್ಲ, ಲೂಪೂ ಬೇಕಿರಲಿಲ್ಲ. ಕ್ಯಾಮರಾಗಳಿಗೆ ಬೇರೆ ಹಾರ್ಡ್ ಡಿಸ್ಕ್ ತಂದು ಹಾಕಿದ್ದಾಯಿತು. ಕರ್ನಲ್ಲನ್ನು ಹೊಸದು ಮಾಡೋಣ ಎಂದು ನಾನು ಸೂಚಿಸಿದೆ. ಸಾಫ್ಟ್‌ವೇರ್ ಹಾಕಿಕೊಟ್ಟವರು ಆಮೇಲೆ ಜವಾಬ್ದಾರಿ ತೆಗೆದುಕೊಳ್ಳುವುದಿಲ್ಲವೆಂದು ಮಾವ ಒಪ್ಪಲಿಲ್ಲ. ಅವರ ಮಾತಿನಲ್ಲಿ ಹುರುಳಿದೆ. ಸುಗ್ಗಿಯಲ್ಲಿ ನಡೆಯುತ್ತಿರುವ ಯಂತ್ರದ ತಳಪಾಯ ಅಗೆಯುವುದು ನನಗೂ ಇಷ್ಟವಿರಲಿಲ್ಲ. ಆದ್ದರಿಂದ ಸ್ಕ್ರಿಪ್ಟಿನ ಎರಡು ಪ್ರತಿಗಳು ನನ್ನ ಬಳಿ ಉಳಿದಿವೆ: ನಂಜನಗೂಡಿನದು ವೈಲ್, ನರಸೀಪುರದ್ದು ಅನ್‌ರೋಲ್.

ಹೊರಡುವಾಗ ಮಾವ ಮೇಜಿನ ಖಾನೆಯಿಂದ ಖರ್ಚಿನ ಪುಸ್ತಕ ತೆಗೆದರು. ಎಲ್ಲವನ್ನೂ ಬರೆದಿಡುವವರು.

"ಏನಂತ ಬರೀಲಮ್ಮ?"

ವೆರಿಫೈಯರ್, ಬ್ಯಾಕ್ ಎಡ್ಜ್, ಜರ್ನಲ್ಲು ಎಲ್ಲ ಬಾಯಿಗೆ ಬಂದವು. "ಹಾರ್ಡ್ ಡಿಸ್ಕ್ ಒಂದು ಅಂತ ಬರೀರಿ ಮಾವ" ಎಂದೆ.

ಬರೆದರು. ಅದರ ಕೆಳಗೆ "ಕೂಲಿ" ಎಂದು ಬರೆದು, ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿ, ಅದರ ಮುಂದೆ "ಮನೆ ಹುಡುಗಿ" ಎಂದು ಸೇರಿಸಿ ಗೆರೆ ಎಳೆದರು.